ಹದಿನಾಲ್ಕನೆಯ ಮೈಲಿಗಲ್ಲು ಮತ್ತು ಮಾವನವರ ಸ್ಟೂಲು

ಹೊಸದಾಗಿ ಕೆಲಸಕ್ಕೆ ಸೇರಿದ ಡ್ರಿಲ್ ಮಾಸ್ತರರು ಆಗಾಗ ನಮ್ಮ ಮನೆಗೆ ಬಂದು, ಬಡಕಲು ಹುಡುಗರಿಗೆ ಧೈರ್ಯ ಬರಿಸುವುದು ಹೇಗೆ ಎಂದು ಕೇಳುತ್ತಾರೆ. ನಾನು ಮೊದಲು ಮಜ್ಜಿಗೆ ಕೊಡುತ್ತೇನೆ. ಆಮೇಲೆ ಟ್ರಂಕು ತೆಗೆದು ನನ್ನ ನೋಟ್‌ಬುಕ್ಕುಗಳನ್ನು ಅವರ ಮುಂದೆ ಇಡುತ್ತೇನೆ. ವರ್ಷಕ್ಕೊಂದರಂತೆ ಬರೆದವು. ಬೆಳಿಗ್ಗೆ ಎಷ್ಟು ಬೈಠಕ್, ಎಂದರೆ ಬಸ್ಕಿ, ಹೊಡೆದೆ, ಎಷ್ಟು ರೊಟ್ಟಿ ತಿಂದೆ, ಯಾವ ಹುಡುಗ ಹೊಟ್ಟೆನೋವೆಂದು ಕೂತ, ಅವನ ಹೊಟ್ಟೆನೋವು ಎಷ್ಟು ಗಂಟೆಗೆ ವಾಸಿಯಾಯಿತು, ಎಲ್ಲವೂ ಅದರಲ್ಲಿವೆ. ಬಂದವರು ಎರಡು ಪುಟ ತಿರುವಿ, ಮಜ್ಜಿಗೆ ಮುಗಿಸಿ, ಸೈಕಲ್ ಹತ್ತಿ ಹೋಗುತ್ತಾರೆ. ಅವರ ತಪ್ಪಲ್ಲ. ಒಬ್ಬರ ಬೈಠಕ್ಕನ್ನು ಇನ್ನೊಬ್ಬರು ಓದುವುದು ಕಷ್ಟ. ಅದಕ್ಕೇ ಬೇಕಾದಷ್ಟನ್ನು ಮಾತ್ರ ಆರಿಸಿ ಇಲ್ಲಿ ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಗ್ರೇಡು ಸಿಕ್ಕಿತು ಎಂಬುದನ್ನು ಬಿಟ್ಟಿದ್ದೇನೆ. ಅದನ್ನು ಓದಿ ಯಾರ ತೋಳೂ ದಪ್ಪವಾಗುವುದಿಲ್ಲ.

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಡ್ರಿಲ್ ಮಾಸ್ತರನಾದದ್ದು ಮೈಯಲ್ಲಿ ಬಲ ಇದ್ದುದರಿಂದಲ್ಲ, ಕೈಬರಹ ಚೆನ್ನಾಗಿದ್ದುದರಿಂದ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮ ಮನೆಯ ಹಿಂದೆಯೇ ಹುಸೇನಪ್ಪ ವಸ್ತಾದರ ಗರಡಿ ಇತ್ತು. ಗರಡಿಯ ಗುರುವಿಗೆ ನಮ್ಮ ಕಡೆ ವಸ್ತಾದ ಎನ್ನುತ್ತಾರೆ. ಹುಸೇನಪ್ಪನವರಿಗೆ ಓದುಬರಹ ಬರುತ್ತಿರಲಿಲ್ಲ. ಯಾರು ಬಂದರು, ಯಾರು ತಪ್ಪಿಸಿಕೊಂಡರು ಎಂದು ಹಾಜರಿ ಬರೆಯಲು ನನ್ನನ್ನು ಇಟ್ಟುಕೊಂಡಿದ್ದರು. ಬೆಳಗ್ಗೆ ಬೀಗ ತೆಗೆಯುವವನೂ ನಾನೇ, ಎಲ್ಲರೂ ಹೋದಮೇಲೆ ಬೀಗ ಹಾಕುವವನೂ ನಾನೇ. ಐದು ವರ್ಷ ದಿನಾ ಗರಡಿಗೆ ಹೋದೆ. ಅಲ್ಲಿನ ಕೆಮ್ಮಣ್ಣು ಒಂದು ದಿನವೂ ನನ್ನ ಮೈಗೆ ಹತ್ತಲಿಲ್ಲ. ಬಾಗಿಲ ಬಳಿ ಚಾಪೆ ಹಾಸಿಕೊಂಡು ಬರೆಯುತ್ತಿದ್ದೆ. ಆಗ ನನ್ನ ತೂಕ ತೊಂಬತ್ತೆಂಟು ಪೌಂಡು. ರೈಲ್ವೆ ಸ್ಟೇಷನ್ನಿನ ಪಾರ್ಸೆಲ್ ತಕ್ಕಡಿಯ ಮೇಲೆ ಗೆಳೆಯನೊಬ್ಬ ನಿಲ್ಲಿಸಿ ನೋಡಿ ಹೇಳಿದ್ದು, ಚಪ್ಪಲಿ ಸಮೇತ.

ಮಾವನವರಿಗೆ ಅದೇ ಬಜಾರಿನಲ್ಲಿ ಹಗ್ಗದ ಅಂಗಡಿ. ನನಗೂ ಗೌರಮ್ಮನಿಗೂ ಮದುವೆಯಾದ ವಾರವೇ ಅವರು ಹೊಸದೊಂದು ಸ್ಟೂಲು ಮಾಡಿಸಿ ಗಲ್ಲಾದ ಪಕ್ಕ ಹಾಕಿದರು.

“ಅಳಿಯಂದ್ರ, ನೀವು ಗಾಳಿ ಬೀಸಿದ್ರ ಹೋಗೋ ಮಂದಿ. ಹೊರಗ ಏನು ನೌಕರಿ ಮಾಡ್ತೀರಿ? ಇಲ್ಲೇ ಕುಂತು ಹಗ್ಗ ಮೊಳ ಹಾಕ್ರಿ. ನಿಮ್ಮ ಕೈ ಗಿಡ್ಡ ಐತಿ, ಮೊಳನೂ ಗಿಡ್ಡ ಬರ್ತೈತಿ. ಅಂಗಡಿಗೆ ಚಲೋ ಆಕ್ಕೈತಿ.”

ಅಳಿಯನನ್ನು ಅಷ್ಟು ಮೆಚ್ಚಿದ ಮಾವ ಅಪರೂಪ. ಆದರೆ ಆ ಸ್ಟೂಲು ಕಂಡರೆ ನನಗೆ ಭಯ. ಗೌರಮ್ಮನಿಗೆ ನನಗಿಂತ ಹೆಚ್ಚು. “ನಾ ಆ ಅಂಗಡಿ ನೋಡ್ಕೊಂತ ಬೆಳದೀನ್ರಿ,” ಎನ್ನುತ್ತಿದ್ದಳು. “ಅಲ್ಲಿ ಕುಂತವರು ಏಳಂಗಿಲ್ಲ. ನಮ್ಮಣ್ಣನ್ನ ನೋಡ್ರಿ. ಬರೇ ಮಳಿ ನಿಲ್ಲೋತನಕ ಅಂತ ಕುಂತಾಂವ, ಒಂಬತ್ತು ವರ್ಷ ಆತು.”

ಅಷ್ಟರಲ್ಲಿ ಯುದ್ಧ ಬಂತು. ಗಟ್ಟಿಮುಟ್ಟಾದವರೆಲ್ಲ ಪಟಾಲಮ್ಮಿಗೆ ಹೋದರು. ಶಾಲೆಗಳಲ್ಲಿ ಡ್ರಿಲ್ ಮಾಸ್ತರರ ಜಾಗಗಳು ಖಾಲಿ ಬಿದ್ದವು. ಅರ್ಜಿಯ ಜೊತೆ ವಸ್ತಾದರ ಯೋಗ್ಯತಾಪತ್ರ ಬೇಕಿತ್ತು. ಹುಸೇನಪ್ಪನವರು, “ಬರಕೋ ಲೇ, ಸುಳ್ಳು ಮಾತ್ರ ಬರೀಬ್ಯಾಡ,” ಎಂದರು. ನಾನೇ ಬರೆದೆ: ‘ಈತನು ಐದು ವರ್ಷಗಳಿಂದ ಪ್ರತಿದಿನವೂ ಎಲ್ಲರಿಗಿಂತ ಮೊದಲು ಗರಡಿಗೆ ಬಂದು, ಎಲ್ಲರಿಗಿಂತ ಕೊನೆಗೆ ಹೋಗುತ್ತಾನೆ.’ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಒಂದಕ್ಷರವೂ ಸುಳ್ಳಿಲ್ಲವೆಂದು ಹೆಬ್ಬೆಟ್ಟು ಒತ್ತಿದರು. ತಿಂಗಳೊಳಗೆ ಸಿರುಗುಪ್ಪದ ಶಾಲೆಗೆ ಆರ್ಡರು ಬಂತು. ಕಾಯಂ ಅಲ್ಲ, ತಾತ್ಕಾಲಿಕ.

“ಹೋಗಿ ಬರ್ರಿ,” ಎಂದರು ಮಾವ. “ಸ್ಟೂಲು ಅಲ್ಲೇ ಇರ್ತೈತಿ.”

ಸಿರುಗುಪ್ಪದ ಶಾಲೆಗೆ ಕರೂರಿನಂಥ ಹಳ್ಳಿಗಳಿಂದ ಬರುತ್ತಿದ್ದ ಹುಡುಗರು ಭತ್ತದ ಮೂಟೆ ಹೊತ್ತು ಪಳಗಿದವರು. ಮೊದಲ ದಿನ ನಾನು ಖಾಕಿ ಚಡ್ಡಿ ಹಾಕಿಕೊಂಡು, ಕೊರಳಿಗೆ ಸೀಟಿ ಕಟ್ಟಿಕೊಂಡು ಮೈದಾನದಲ್ಲಿ ನಿಂತೆ. ಅವರು ಕಾಲು ಗಂಟೆ ಶಾಂತವಾಗಿ ಕಾದರು. ಆಮೇಲೆ ಒಬ್ಬ ಬಹಳ ಮರ್ಯಾದೆಯಿಂದ ಕೇಳಿದ: “ಸಾರ್, ಡ್ರಿಲ್ ಮಾಸ್ತರ ಯಾವಾಗ ಬರ್ತಾರ್ರಿ?”

ಶಾಲೆಯ ಮೈದಾನದ ಪಕ್ಕವೇ ಬಸ್ಸು ನಿಲ್ಲುವ ಜಾಗ. ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಿಂದ ಓಡುತ್ತಿದ್ದವು. ಹಿಂಭಾಗದಲ್ಲಿ ದೊಡ್ಡ ಡ್ರಮ್ಮಿನಂಥ ಒಲೆ. ಅದರಲ್ಲಿ ಇದ್ದಿಲು ಉರಿಸಿ, ಗಾಳಿಚಕ್ರ ತಿರುವಿ, ಬಸ್ಸು ಹೊರಡಿಸಬೇಕು. ಆದರೂ ಅದು ಹೊರಡುತ್ತಿರಲಿಲ್ಲ, ತಳ್ಳಲೇಬೇಕಿತ್ತು. ಬಸ್ಸು ಹೊರಡುವ ಹೊತ್ತೂ ನನ್ನ ಡ್ರಿಲ್ ಪಿರಿಯಡ್ಡೂ ಒಂದೇ. ಮೂರನೆಯ ದಿನವೇ ಡ್ರೈವರು ಬೇಲಿಯ ಮೇಲಿಂದ ಕೂಗಿದ: “ಮಾಸ್ತರ, ನಿಮ್ಮ ಪಟಾಲಂ ಸ್ವಲ್ಪ ಕಳಸ್ರಿ!”

ಹುಡುಗರು ನನ್ನ ಅಪ್ಪಣೆಗೂ ಕಾಯದೆ ಓಡಿದರು. ಮರುದಿನವೂ ಹಾಗೆಯೇ ಆಯಿತು. ವಾರದೊಳಗೆ ಅದೇ ನಮ್ಮ ಡ್ರಿಲ್ಲಾಯಿತು. ನಾನು ಪಕ್ಕದಲ್ಲಿ ನಡೆಯುತ್ತ ಸೀಟಿ ಊದುತ್ತಿದ್ದೆ. ಒಂದು ದಿನ ಡ್ರೈವರಿಗೆ ತಾಳ್ಮೆ ತಪ್ಪಿತು. “ಮಾಸ್ತರ, ಊದಿದ್ರ ಬಸ್ಸು ಹೋಗಂಗಿಲ್ಲ. ನೀವೂ ಕೈ ಹಚ್ರಿ!”

ಕೈ ಹಚ್ಚಿದೆ. ಬಿಸಿ ತಗಡು. ಮೊದಲು ಏನೂ ಆಗಲಿಲ್ಲ. ಪಕ್ಕದ ಹುಡುಗ, “ಸಾರ್, ಕೈಲೆ ಅಲ್ರಿ, ಕಾಲಿಲೆ ತಳ್ಳ್ರಿ,” ಎಂದ. ಕಾಲು ಊರಿದೆ. ಅಷ್ಟು ದೊಡ್ಡ ಬಸ್ಸು ನಮ್ಮ ಮುಂದೆ ಮೆಲ್ಲಗೆ ಸರಿಯಿತು. ನನ್ನ ಕೈಯೆದುರು ಒಂದು ಭಾರ ಸರಿದು ದಾರಿ ಕೊಟ್ಟದ್ದು ಜೀವಮಾನದಲ್ಲಿ ಅದೇ ಮೊದಲು. ಅವತ್ತು ಮೂರು ರೊಟ್ಟಿ ಹೆಚ್ಚಿಗೆ ತಿಂದೆನೆಂದು ನೋಟ್‌ಬುಕ್ಕಿನಲ್ಲಿದೆ.

ನನ್ನ ಸ್ವಭಾವ ಗೊತ್ತಲ್ಲ, ಶಾಲೆಯ ರಿಜಿಸ್ಟರಿನಲ್ಲೂ ನಡೆದದ್ದನ್ನೇ ಬರೆದೆ: ‘ವ್ಯಾಯಾಮ: ಬಸ್ ತಳ್ಳುವಿಕೆ. ಇನ್ನೂರು ಹೆಜ್ಜೆ, ಬೇವಿನ ಮರದವರೆಗೆ.’

ವ್ಯಾಯಾಮದ ಇನ್ಸ್‌ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದದ್ದು ಅದೇ ಬಸ್ಸಿನಲ್ಲಿ, ಮುಖದ ತುಂಬ ಮಸಿ. ಮನೆಮಾತು ತೆಲುಗು, ಕನ್ನಡವನ್ನು ಪುಸ್ತಕದಿಂದ ಕಲಿತವರು. ರಿಜಿಸ್ಟರನ್ನು ಎರಡು ಸಲ ಓದಿದರು.

“ಏಮಯ್ಯಾ! ಬಸ್ ತಳ್ಳುವುದು ಯಾವ ಸಿಲಬಸ್ಸಿನಲ್ಲಿ ಇದೆ?”

“ಸರ್, ತಾವು ಬಂದ ಬಸ್ಸನ್ನು ಹೋಗುವಾಗಲೂ ಇವರೇ ತಳ್ಳಬೇಕು.”

ಹೊಸಬರಿಗೆ ಹೇಳುತ್ತೇನೆ: ಮೇಲಧಿಕಾರಿಗೆ ನಿಜ ಹೇಳಬೇಕು, ನಿಜ. ಅವರು ಮುಖ ತೊಳೆದುಕೊಂಡ ಮೇಲೆ ಹೇಳಬೇಕು. ಸಾಹೇಬರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

“ನಿನ್ನ ತೂಕ ಎಷ್ಟು?”

“ತೊಂಬತ್ತೆಂಟು ಪೌಂಡು ಸರ್, ಚಪ್ಪಲಿ ಸಮೇತ.”

ಅವರು ಹಾಗೆಯೇ ಬರೆದುಕೊಂಡರು. ಹದಿನೈದು ದಿನದಲ್ಲಿ ಆರ್ಡರು ಬಂತು. ನನ್ನನ್ನು ಕುರುಗೋಡಿಗೆ ಹಾಕಿದ್ದರು. ಒಂದು ವರ್ಷದ ನಂತರ ಸಾಹೇಬರ ಸಮಕ್ಷಮ ನಾನು ನನ್ನ ತೂಕಕ್ಕೆ, ಅಂದರೆ ಚಪ್ಪಲಿ ಸಮೇತ ತೊಂಬತ್ತೆಂಟು ಪೌಂಡಿಗೆ, ಕಡಿಮೆಯಿಲ್ಲದ ಭಾರವನ್ನು ಎತ್ತಿ ತೋರಿಸಬೇಕು. ಎತ್ತಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ. ಮನೆ ಎಂದರೆ ಸ್ಟೂಲು.

ಕುರುಗೋಡಿನಲ್ಲಿ ಎತ್ತಲು ಕಲ್ಲಿಗೇನೂ ಬರವಿಲ್ಲ, ಊರೇ ಬಂಡೆಗುಡ್ಡಗಳ ನಡುವೆ ಕೂತಿದೆ. ಅಲ್ಲಿನ ಗರಡಿಯ ವಸ್ತಾದ ಮಲ್ಲಯ್ಯ ಐವತ್ತು ದಾಟಿದ ದೊಡ್ಡ ಆಸಾಮಿ, ಕುತ್ತಿಗೆಯೇ ಇರಲಿಲ್ಲ. ಗರಡಿಯಲ್ಲಿ ಮೂರು ಗುಂಡುಗಳು, ಎಂದರೆ ಎತ್ತುವ ಕಲ್ಲುಗಳು: ಸಣ್ಣಗುಂಡು, ನಡುಗುಂಡು, ದೊಡ್ಡಗುಂಡು. ಮೊದಲೆರಡನ್ನು ಹುಡುಗರು ಎತ್ತುತ್ತಿದ್ದರು. ದೊಡ್ಡಗುಂಡನ್ನು ಯಾರೂ ಮುಟ್ಟುತ್ತಿರಲಿಲ್ಲ. ಮಲ್ಲಯ್ಯನ ಮುತ್ತಜ್ಜ ಅದನ್ನು ಕೆಂಚನಗುಡ್ಡದ ಹೊಳೆಯಿಂದ ಹೆಗಲ ಮೇಲೆ ಹೊತ್ತು ತಂದನಂತೆ. ಅವನ ನಂತರ ಅದನ್ನು ಎತ್ತಿದವರಿಲ್ಲ. ಹಣಮಪ್ಪನ ಮುಂದೆ ಉಸುಕಿನಲ್ಲಿ ಕೂರಿಸಿ, ಶನಿವಾರಕ್ಕೊಮ್ಮೆ ಎಣ್ಣೆಯಲ್ಲಿ ಕಲಸಿದ ಸಿಂಧೂರ ಬಳಿದು ಪೂಜೆ ಮಾಡುತ್ತಿದ್ದರು. ದೊಡ್ಡ ಕುಂಬಳಕಾಯಿಯ ಹಾಗೆ ಕೆಂಪಗೆ, ಗುಂಡಗೆ, ನುಣ್ಣಗೆ ಇತ್ತು.

ನನ್ನ ಸಂಕಟ ಕೇಳಿ ಮಲ್ಲಯ್ಯ ನಡುಗುಂಡನ್ನು ಚಕ್ಕಡಿಯಲ್ಲಿ ನನ್ನ ಮನೆಗೆ ಕಳಿಸಿದ. “ಮನ್ಯಾಗ ಇಟ್ಕೊರ್ರಿ ಮಾಸ್ತರ. ಏಳ್ತಾ ಕುಂದ್ರತಾ ಅದರ ಮಾರಿ ನೋಡ್ರಿ. ಮೊದಲು ಸಲಿಗಿ ಬೆಳೀಬೇಕು.”

ಪಡಸಾಲೆಯಲ್ಲಿ ಇಟ್ಟುಕೊಂಡೆ. ದಿನಾ ಬೆಳಿಗ್ಗೆ ಬಗ್ಗಿ ಎರಡೂ ಕೈಯಿಂದ ಎಳೆಯುತ್ತಿದ್ದೆ. ಮಿಸುಕಾಡಿದ ಹಾಗೆ ಕಾಣುತ್ತಿರಲಿಲ್ಲ. ಆದರೆ ಸಂಜೆ ಶಾಲೆಯಿಂದ ಬಂದು ನೋಡಿದರೆ ಕಲ್ಲು ಬೆಳಿಗ್ಗೆ ಇದ್ದ ಜಾಗದಲ್ಲಿ ಇರುತ್ತಿರಲಿಲ್ಲ. ಒಮ್ಮೆ ಕಂಬದ ಹತ್ತಿರ, ಒಮ್ಮೆ ಒರಳಿನ ಪಕ್ಕ. ನನ್ನ ಎಳೆತದ ಪರಿಣಾಮ ತಡವಾಗಿ ಕಾಣುತ್ತಿದೆ ಎಂದು ತಿಳಿದೆ. ಗೇಣು ಹಾಕಿ ಅಳೆದು ಬರೆಯತೊಡಗಿದೆ: ‘ಸೋಮವಾರ, ಮೂರು ಗೇಣು. ಮಂಗಳವಾರ, ಐದು ಗೇಣು. ಶಕ್ತಿ ವೃದ್ಧಿಸುತ್ತಿದೆ.’ ಎರಡು ತಿಂಗಳು ಹೀಗೆ ಬರೆದೆ. ಒಂದು ಭಾನುವಾರ ಮನೆಯಲ್ಲೇ ಇದ್ದೆ. ಬಚ್ಚಲಿಂದ ಬಂದು ನೋಡಿದರೆ ಕಲ್ಲು ಬಾಗಿಲ ಬಳಿ ಇತ್ತು.

“ಗೌರಾ, ಈ ಕಲ್ಲು ಇಲ್ಲಿಗೆ ಹೆಂಗ ಬಂತು?”

“ನಾ ಇಟ್ಟೀನ್ರಿ. ಕಸ ಹೊಡಿಯಾಕ ಅಡ್ಡ ಬರ್ತೈತಿ.”

“ಉಳ್ಳಿಸಿದಿ?”

“ಉಳ್ಳಿಸಿದ್ರ ನೆಲ ಕಿತ್ತು ಬರಂಗಿಲ್ಲೇನ್ರಿ? ನಿನ್ನೇ ಸಾರಿಸೀನಿ. ಎತ್ತೇ ಇಟ್ಟೆ.”

“ಎತ್ತಿ? ಹೆಂಗ ಎತ್ತಿದಿ?”

“ಹೆಂಗಂದ್ರ? ತುಂಬಿದ ಹಂಡೆ ಎತ್ತಂಗ.”

ತೋರಿಸು ಎಂದೆ. ಸೆರಗು ಸಿಕ್ಕಿಸಿಕೊಂಡು ಕಲ್ಲಿನ ಹತ್ತಿರಕ್ಕೆ, ಬಹಳ ಹತ್ತಿರಕ್ಕೆ ಕುಕ್ಕರಗಾಲಲ್ಲಿ ಕೂತಳು. ಕಲ್ಲನ್ನು ಮೊದಲು ತೊಡೆಯ ಮೇಲಕ್ಕೆ ಹೊರಳಿಸಿಕೊಂಡಳು. ಮಗುವನ್ನು ತಬ್ಬಿದ ಹಾಗೆ ಎದೆಗೆ ತಬ್ಬಿ, ಕಾಲಿನ ಮೇಲೆ ಎದ್ದು ನಿಂತಳು. ನಿಂತವಳು ಹಾಗೇ ನಿಂತು, ಈ ಸಲದ ರೇಷನ್ ಸಕ್ಕರೆಯಲ್ಲಿ ಎಷ್ಟು ಇರುವೆ ಇದ್ದವು ಎಂದು ವಿವರವಾಗಿ ಹೇಳಿದಳು. ನನಗೆ ಇರುವೆಯ ಮೇಲೆ ಗಮನ ಇರಲಿಲ್ಲ.

ಎರಡು ತಿಂಗಳ ಪ್ರಗತಿಯನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ಮರುದಿನದಿಂದ ಗೌರಮ್ಮನೇ ನನಗೆ ವಸ್ತಾದ. “ಬೆನ್ನು ಬಗ್ಗಸಬ್ಯಾಡ್ರಿ, ಕುಂಡಿ ಇಳಸ್ರಿ. ಉಸುರು ಹಿಡೀರಿ. ಈಗ ಏಳ್ರಿ. ಅಯ್ಯ, ಹಲ್ಲು ಯಾಕ ಕಚ್ತೀರಿ, ಹಲ್ಲಿಲೆ ಎತ್ತತೀರೇನು?” ಕೊನೆಯವರೆಗೂ ನಾನು ಹುಡುಗರಿಗೆ ಹೇಳಿಕೊಟ್ಟದ್ದು ಅಷ್ಟೇ. ಅದಕ್ಕಿಂತ ಹೆಚ್ಚಿನದನ್ನು ನಾನು ಯಾವ ಪುಸ್ತಕದಲ್ಲೂ ಓದಲಿಲ್ಲ. ಐದನೆಯ ತಿಂಗಳು ಕಲ್ಲು ತೊಡೆಗೆ ಬಂತು, ಎಂಟನೆಯ ತಿಂಗಳು ಎದೆಗೆ ಬಂತು. ಹತ್ತನೆಯ ತಿಂಗಳು ನಾನೂ ಅದನ್ನು ಎತ್ತಿಕೊಂಡು ಸಕ್ಕರೆಯ ವಿಷಯ ಮಾತಾಡುವಷ್ಟಾದೆ. ಈ ನಡುವೆ ಮಾವನವರ ಕಾಗದ ತಪ್ಪದೆ ಬರುತ್ತಿತ್ತು: ‘ಸ್ಟೂಲನ್ನು ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೇವೆ. ಚಿಂತೆ ಬೇಡ.’

ತಪಾಸಣೆಗೆ ವಾರವಿದ್ದಾಗ ಹೆಡ್‌ಮಾಸ್ತರರಾದ ರಾಯರಿಗೆ ಹೊಳೆಯಿತು: ನಡುಗುಂಡು ತೊಂಬತ್ತೆಂಟು ಪೌಂಡು ಇದೆಯೆನ್ನುವುದಕ್ಕೆ ಆಧಾರವೇನು? ಊರಿನ ಹತ್ತಿ ಗಿರಣಿಯ ತಕ್ಕಡಿಗೆ ಹಾಕೋಣವೆಂದರು. ಮಲ್ಲಯ್ಯ ಕಿವಿ ಮುಚ್ಚಿಕೊಂಡ.

“ತೂಕಕ್ಕ ಹಾಕಾಕ ಅದೇನು ಬೆಲ್ಲೇನ್ರಿ ರಾಯರ? ಗರಡಿ ಕಲ್ಲು ಯಾರಾರ ತೂಗ್ತಾರೇನು? ತೂಗಿದ ಕಲ್ಲು ಮತ್ತ ಎತ್ತಾಕ ಬರಂಗಿಲ್ಲ, ಮಾರಾಕ ಬರ್ತೈತಿ.”

“ಮತ್ತೆ ಸಾಹೇಬರಿಗೆ ಪೌಂಡು ತೋರಿಸೋದು ಹೇಗಪ್ಪ?”

“ದೊಡ್ಡಗುಂಡು ಎತ್ತಲಿ. ಅದನ್ನ ನೋಡಿದ ಮ್ಯಾಲೆ ಯಾರೂ ಪೌಂಡು ಕೇಳಂಗಿಲ್ಲ.”

ನಾನು ಅಲ್ಲೇ ನಿಂತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ.

ತಪಾಸಣೆಯ ಶನಿವಾರ ಬೆಳಿಗ್ಗೆ ಗರಡಿಯ ಮುಂದೆ ಊರೇ ಸೇರಿತ್ತು. ಸಾಹೇಬರು ಈ ಸಲ ಮುಖ ತೊಳೆದುಕೊಂಡೇ ಬಂದರು. ಅವರ ಕೈಯಲ್ಲಿ ಒಂದು ಫಾರಂ. ಅದರಲ್ಲಿ ‘ಎತ್ತಿದ ಭಾರ, ಪೌಂಡುಗಳಲ್ಲಿ’ ಎಂದು ಒಂದು ಕಾಲಂ. ಮಲ್ಲಯ್ಯ ಸಾಹೇಬರ ಗೌರವಕ್ಕೆಂದು ಅವತ್ತು ದೊಡ್ಡಗುಂಡಿಗೆ ಎರಡು ಪಾಲು ಎಣ್ಣೆ, ಎರಡು ಪಾಲು ಸಿಂಧೂರ ಬಳಿದಿದ್ದ. ಹಿಡಿದರೆ ಸೋಪಿನ ಹಾಗೆ ಜಾರುತ್ತಿತ್ತು.

ಹೆಂಗಸರ ಗುಂಪಿನಲ್ಲಿ ಗೌರಮ್ಮ ಕಂಡಳು. ಕುಂಡಿ ಇಳಿಸು ಎಂದು ಸನ್ನೆ ಮಾಡಿದಳು. ಇಳಿಸಿದೆ. ಹತ್ತಿರ ಹೋದೆ. ಕಲ್ಲನ್ನು ತಬ್ಬಿ, ಬೆರಳುಗಳನ್ನು ಉಸುಕಿನೊಳಗೆ ತೂರಿಸಿ ಅಂಚು ಹಿಡಿದೆ. ಸ್ಟೂಲು ಕಣ್ಣ ಮುಂದೆ ಬಂತು. ಉಸಿರು ಹಿಡಿದು ಎದ್ದೆ.

ಪಚಕ್ ಎಂದು ಸದ್ದಾಯಿತು. ನಾನು ನಿಂತಿದ್ದೆ. ದೊಡ್ಡಗುಂಡು ನನ್ನ ಎದೆಯ ಮೇಲಿತ್ತು. ಎಷ್ಟು ಸಲೀಸಾಗಿ ಬಂತೆಂದರೆ ಹಿಂದಕ್ಕೆ ಬೀಳುವುದರಲ್ಲಿದ್ದೆ. ಜನ ಹೋ ಎಂದು ಕೂಗಿದರು. ರಾಯರು ಚಪ್ಪಾಳೆ ಹೊಡೆದರು. ಮಲ್ಲಯ್ಯನ ಕಣ್ಣಲ್ಲಿ ನೀರು. ಹುಮ್ಮಸ್ಸಿನಲ್ಲಿ ನಾನು ಗುಂಡನ್ನು ತಲೆಯ ಮೇಲಕ್ಕೂ ಎತ್ತಿಬಿಟ್ಟೆ. ಆಗ ಎಲ್ಲರ ಗದ್ದಲದ ಮೇಲೆ ಗೌರಮ್ಮನ ದನಿ ಕೇಳಿಸಿತು:

“ಏನ್ರೀ, ಕೆಳಗ ಇನ್ನೊಂದು ಐತ್ರೀ!”

ಕೆಳಗೆ ನೋಡಿದೆ. ಉಸುಕಿನ ಮೇಲೆ ಕಲ್ಲು ಇದ್ದ ಹಾಗೇ ಇತ್ತು. ಮೂರು ತಲೆಮಾರು ಪ್ರತಿ ಶನಿವಾರ ಬಳಿದ ಸಿಂಧೂರ ನಾಲ್ಕು ಬೆರಳು ದಪ್ಪ ಗಟ್ಟಿಯಾಗಿ, ಟೊಪ್ಪಿಗೆಯ ಹಾಗೆ ಕಳಚಿಕೊಂಡು ನನ್ನ ಕೈಗೆ ಬಂದಿತ್ತು. ನಾನು ತಲೆಯ ಮೇಲೆ ಹಿಡಿದಿದ್ದು ಬರೀ ಚಿಪ್ಪು. ಕೆಳಗಿದ್ದ ಕಲ್ಲು ಗುಂಡಗೂ ಇರಲಿಲ್ಲ. ಮೇಲುಭಾಗ ಕಮಾನಿನ ಹಾಗೆ, ಬುಡ ಮುರಿದ ಹಾಗೆ. ಮುಂಭಾಗದಲ್ಲಿ ಉಳಿಯಿಂದ ಕೆತ್ತಿದ ಅಕ್ಷರ.

ಸಾಹೇಬರು ಕನ್ನಡಕ ಹಾಕಿಕೊಂಡು ಬಗ್ಗಿ ಓದಿದರು. “ಬಳ್ಳಾರಿ… ಹದಿನಾಲ್ಕು… ಮೈಲಿ.”

ಬಳ್ಳಾರಿ ರಸ್ತೆಯಲ್ಲಿ ಹದಿಮೂರನೆಯ ಮೈಲಿಗಲ್ಲಿನ ನಂತರ ಒಮ್ಮೆಲೇ ಹದಿನೈದು ಬರುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಸರ್ಕಾರಕ್ಕೆ ಎಣಿಕೆ ಬರುವುದಿಲ್ಲವೆಂದು ನಾವೆಲ್ಲ ತಿಳಿದಿದ್ದೆವು.

“ಇದು ಸರ್ಕಾರದ ಕಲ್ಲು,” ಎಂದರು ಸಾಹೇಬರು. “ಇಲ್ಲಿಗೆ ಹೇಗೆ ಬಂತು?”

ಮಲ್ಲಯ್ಯ ಬಗ್ಗಿ ಅಕ್ಷರಗಳ ಮೇಲೆ ಬೆರಳಾಡಿಸಿದ. ನಾಚಿಕೊಳ್ಳುತ್ತಾನೆ ಎಂದುಕೊಂಡೆ. ಅವನ ಎದೆ ಇನ್ನೂ ಉಬ್ಬಿತು.

“ನೋಡಿದ್ರೇನ್ರಿ! ನಮ್ಮ ಮುತ್ತಜ್ಜ ಹೊತ್ತು ತಂದಾನ ಅಂದ್ರ ಮಂದಿ ನಗ್ತಿದ್ರು. ಈಗ ಕಲ್ಲೇ ಹೇಳಾಕ ಹತ್ತೈತಿ, ಎಲ್ಲಿಂದ ತಂದ ಅಂತ! ನಮ್ಮೂರು ಹದಿನಾರನೇದು, ಬರೋಬ್ಬರಿ ಎರಡು ಮೈಲಿ!”

“ಹೊತ್ತು ತಂದವನು ಗಟ್ಟಿಗ, ಒಪ್ಪಿದೆ. ಇವತ್ತೇ ವಾಪಸು ಇಡಬೇಕು. ಗಾಡಿ ಕಟ್ಟಿಸಿ.”

“ಗಾಡಿ ಬ್ಯಾಡ್ರಿ ಸಾಹೇಬರ. ಮನಷ್ಯಾ ಹೊತ್ತ ತಂದ ಕಲ್ಲು, ಎತ್ತು ಎಳಕೊಂಡು ಹೋದ್ರ ಗರಡಿ ಮಾನ ಉಳಿಯಂಗಿಲ್ಲ. ಮನಷ್ಯಾನ ಹೊರಬೇಕು.”

“ಯಾರು ಹೊರುತ್ತಾರೆ?”

ನಾನು ಇನ್ನೂ ಚಿಪ್ಪನ್ನು ತಲೆಯ ಮೇಲೆ ಹಿಡಿದೇ ನಿಂತಿದ್ದೆ. ಎಲ್ಲರೂ ನನ್ನ ಕಡೆ ತಿರುಗಿದರು. ಸಾಹೇಬರು ಫಾರಂ ನೋಡಿದರು. ಪೌಂಡಿನ ಕಾಲಂ ಖಾಲಿ ಇತ್ತು.

ಹತ್ತು ಗಂಟೆಗೆ ಹೊರಟೆವು. ನಿಜ ಹೇಳಬೇಕೆಂದರೆ ಕಲ್ಲು ನಡುಗುಂಡಿಗಿಂತ ಭಾರವೇ ಇತ್ತು, ಮೂಲೆಗಳು ಬೇರೆ ಎದೆಗೆ ಒತ್ತುತ್ತಿದ್ದವು. ಇಪ್ಪತ್ತು ಹೆಜ್ಜೆಗೆ ಕೈ ಸೋತಿತು. ಇಳಿಸಿದೆ. ಗೌರಮ್ಮ ನೀರಿನ ಕೊಡ ಹೊತ್ತು ಪಕ್ಕದಲ್ಲೇ ಇದ್ದಳು. “ಎರಡು ಮೈಲಿ ಅನ್ನಬ್ಯಾಡ್ರಿ,” ಎಂದಳು. “ಇಪ್ಪತ್ತು ಹೆಜ್ಜಿ ಅನ್ರಿ. ಕೈ ಸೋಲೋ ಮೊದಲೇ ಇಳಸ್ರಿ.” ಅವಳು ಒಂದು ಹರಳು ಆರಿಸಿ ಉಡಿಯಲ್ಲಿ ಹಾಕಿಕೊಂಡಳು. ಇನ್ನಿಪ್ಪತ್ತು ಹೆಜ್ಜೆ, ಇನ್ನೊಂದು ಹರಳು.

ರಾಯರು ಅರ್ಧ ಫರ್ಲಾಂಗಿಗೇ ದಣಿದು ಎದುರು ಬಂದ ಗಾಡಿ ಹತ್ತಿ ವಾಪಸಾದರು. ಮಲ್ಲಯ್ಯ ಊದಿನಕಡ್ಡಿ ಹಿಡಿದು ಮುಂದೆ ನಡೆದ. ಸಾಹೇಬರು ಕೊಡೆ ಬಿಡಿಸಿಕೊಂಡು ಹಿಂದೆ ಬಂದರು. ಬಳ್ಳಾರಿಯ ಬಸ್ಸು ಹೇಗೂ ಅದೇ ದಾರಿಯಲ್ಲಿ ಸಿಗುತ್ತಿತ್ತು. ಮೊದಲ ಐವತ್ತು ಸಲ ಅವರು ನನಗೆ ಉಸಿರಾಟದ ನಿಯಮಗಳನ್ನು ಹೇಳಿಕೊಟ್ಟರು. ನಾನು ಎತ್ತುವ ಕ್ರಮ ತಪ್ಪಾಗಿದೆಯೆಂದರು. ಪುಸ್ತಕದಲ್ಲಿ ಬೇರೆ ಇದೆಯಂತೆ. ತೊಂಬತ್ತರ ಹತ್ತಿರ ಅವರಿಗೆ ತಡೆಯಲಾಗಲಿಲ್ಲ. “ಸರಿ, ನೋಡು,” ಎಂದು ಕೋಟು ಬಿಚ್ಚಿ ಗೌರಮ್ಮನ ಕೈಗೆ ಕೊಟ್ಟು, ಕಾಲು ನೇರ ಮಾಡಿ ನಿಂತು, ಬಗ್ಗಿ ಕಲ್ಲಿಗೆ ಕೈ ಹಾಕಿದರು. ಪ್ಯಾಂಟಿನ ಗುಂಡಿ ಕಿತ್ತು ಮೇಲೆದ್ದಿತು. ಕಲ್ಲು ಏಳಲಿಲ್ಲ.

ಗೌರಮ್ಮ ಗುಂಡಿ ಹುಡುಕಿ ಕೊಟ್ಟಳು. ಸಾಹೇಬರು ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿದ್ದ ಕೊಡೆಯನ್ನು ನನ್ನ ತಲೆಯ ಮೇಲೆ ಹಿಡಿದರು. ಅಲ್ಲಿಂದ ಕೊನೆಯವರೆಗೂ ಹಿಡಿದೇ ಬಂದರು. ನಾನು ಕುಕ್ಕರಿಸಿದರೆ ಅವರೂ ಬಗ್ಗುವರು, ಎದ್ದರೆ ಅವರೂ ಏಳುವರು. ಎದುರಿಗೆ ಬಂದ ಗಾಡಿಯವರು ಯಾವುದೋ ದೇವರ ಮೆರವಣಿಗೆಯೆಂದು ಇಳಿದು ಕೈಮುಗಿದರು.

ನೂರ ಮೂವತ್ತನೆಯ ಸಲವೋ ಏನೋ, ಎತ್ತಿ ನಿಂತಾಗ ಒಂದು ವಿಷಯ ಗಮನಕ್ಕೆ ಬಂತು: ಬಹಳ ಹೊತ್ತಿನಿಂದ ನನಗೆ ಹಗ್ಗದ ಅಂಗಡಿಯ ನೆನಪೇ ಆಗಿರಲಿಲ್ಲ. ಎದೆಯ ಚರ್ಮ ಸುಲಿದಿತ್ತು. ಆದರೆ ಕಲ್ಲು ನನ್ನದೆನ್ನಿಸುತ್ತಿತ್ತು. ಸಾಹೇಬರು ಮೆಲ್ಲಗೆ, “ಸಾಕಯ್ಯಾ, ನಾನು ನೋಡಿಯಾಯಿತು, ಇಳಿಸು,” ಎಂದರು. “ಇನ್ನೂ ಜಾಗ ಬಂದಿಲ್ಲ ಸರ್,” ಎಂದೆ. ಮೇಲಧಿಕಾರಿಯ ಮಾತಿಗೆ ನಾನು ಎದುರಾಡಿದ್ದು ಅದೇ ಮೊದಲು. ಅವರು ಕೊಡೆ ಸರಿಮಾಡಿಕೊಂಡರು.

ಮೂರೂವರೆಗೆ ಜಾಗ ಬಂತು. ಗೌರಮ್ಮನ ಉಡಿಯಲ್ಲಿ ಇನ್ನೂರ ಹನ್ನೆರಡು ಹರಳು. ರಸ್ತೆಯ ಪಕ್ಕ ಮುರಿದ ಕಲ್ಲಿನ ಬುಡ ನೆಲದಲ್ಲಿ ಹಾಗೇ ಇತ್ತು. ಅದರ ಮೇಲೆ ಹುರಿದ ಶೇಂಗಾ ಮಾರುವ ಹುಲಿಗೆಮ್ಮ ಎಂಬ ಮುದುಕಿ ಕೂತಿದ್ದಳು.

“ಏಳಮ್ಮಾ,” ಎಂದರು ಸಾಹೇಬರು. “ಇದು ಸರ್ಕಾರದ ಮೈಲಿಗಲ್ಲಿನ ಬುಡ.”

“ಸರ್ಕಾರ ಇಷ್ಟ್ ದಿನ ಎಲ್ಲಿ ಹೋಗಿತ್ತು? ನಾ ಮದುವಿಯಾಗಿ ಬಂದಾಗಿಂದ ಇಲ್ಲೇ ಕುಂತೀನಿ. ನಮ್ಮತ್ತಿನೂ ಇಲ್ಲೇ ಕುಂದ್ರತಿದ್ಲು.”

“ಕಲ್ಲು ಇಡದಿದ್ದರೆ ಇವನ ಕೆಲಸ ಹೋಗುತ್ತದೆ.”

“ನಾ ಎದ್ರ ನನ್ನ ಕೆಲಸ ಹೋಕ್ಕೈತಿ! ನೆಲದ ಮ್ಯಾಲೆ ಕುಂದ್ರಾಕ ಮೊಣಕಾಲು ಮಡಚಂಗಿಲ್ಲ. ನಾ ಎಲ್ಲಿ ಕುಂದ್ರಲಿ, ಹೇಳು!”

ನಾನು ಕಲ್ಲನ್ನು ಎದೆಗೆ ತಬ್ಬಿಕೊಂಡೇ ನಿಂತಿದ್ದೆ. ಇಳಿಸಿದರೆ ಇನ್ನೊಮ್ಮೆ ಎತ್ತಲು ನನ್ನಿಂದ ಆಗುವುದಿಲ್ಲವೆಂದು ಗೊತ್ತಿತ್ತು. ಆಗ ಗೌರಮ್ಮ ಮುದುಕಿಯ ಪಕ್ಕ ಕೂತು ಹೇಳಿದಳು:

“ಅಜ್ಜಿ, ಕೌಲ್ ಬಜಾರದಾಗ ನಮ್ಮದೊಂದು ಸ್ಟೂಲು ಐತಿ. ಹೊಸಾದು. ಯಾರೂ ಕುಂತಿಲ್ಲ. ವಾರಕ್ಕೊಮ್ಮೆ ಒರಸ್ತಾರ. ಅದು ಈಗ ನಮಗ ಬ್ಯಾಡಾಗೇತಿ.”

ಹೇಳುವಾಗ ಅವಳು ನನ್ನ ಕಡೆ ನೋಡಲಿಲ್ಲ. ಸಾಹೇಬರು ಇನ್ನೂ ಏನೂ ಬರೆದಿರಲಿಲ್ಲ, ಆದರೆ ನನ್ನ ಕೆಲಸ ಕಾಯಂ ಆದದ್ದು ಆ ಮಾತಿನಿಂದಲೇ ಎಂದು ನನ್ನ ಲೆಕ್ಕ.

ಮುದುಕಿ ಜಾಮೀನು ಕೇಳಿದಳು. ಸಾಹೇಬರು ಕೊಡೆ ಕೊಟ್ಟರು. ಅವಳು ಎದ್ದಳು, ನಾನು ಕಲ್ಲನ್ನು ಬುಡದ ಮೇಲೆ ಕೂರಿಸಿದೆ. ಮುರುಕಿಗೆ ಮುರುಕು ಸರಿಯಾಗಿ ಕೂತಿತು. ಸಾಹೇಬರು ಅದರ ಮೇಲೆಯೇ ಫಾರಂ ಇಟ್ಟು, ‘ಎತ್ತಿದ ಭಾರ, ಪೌಂಡುಗಳಲ್ಲಿ’ ಎಂಬಲ್ಲಿ ‘ಎರಡು ಮೈಲಿ’ ಎಂದು ಬರೆದು ಸಹಿ ಮಾಡಿದರು. ಅದನ್ನು ನೋಡಿದ ಆಫೀಸಿನವರು ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಬಳ್ಳಾರಿಯಲ್ಲಿ ಬಸ್ಸಿಳಿದ ಸಾಹೇಬರು ನೇರ ಮಾವನವರ ಅಂಗಡಿಗೆ ಹೋಗಿ ಸ್ಟೂಲು ಕೇಳಿದರಂತೆ. ಮಾವ ಗಾಬರಿಯಾಗಿ, “ಅಳಿಯಂದ್ರು ಎಲ್ಲಿ ಕುಂದ್ರತಾರ?” ಎಂದರಂತೆ. ಸಾಹೇಬರು, “ಅವನು ಕುಳಿತುಕೊಳ್ಳುವುದಿಲ್ಲ,” ಎಂದು ಹೇಳಿ ಮರುದಿನದ ಬಸ್ಸಿನ ಮೇಲೆ ಅದನ್ನು ಹಾಕಿಸಿದರು.

ಇನ್ನು ಆ ಚಿಪ್ಪಿನ ವಿಷಯ. ಮಲ್ಲಯ್ಯ ಅದನ್ನು ಹಣಮಪ್ಪನ ಮುಂದೆ ಮತ್ತೆ ಇಟ್ಟ. “ಇಷ್ಟು ವರ್ಷ ನಾವು ಪೂಜಿ ಮಾಡಿದ್ದು ಇದಕ್ಕ. ಕಲ್ಲು ಒಳಗ ಸುಮ್ನ ಕುಂತಿತ್ತು,” ಎಂದ. ಅದೇ ನನ್ನ ಪಾಠಕ್ರಮಕ್ಕೆ ದಾರಿಯಾಯಿತು. ಯಾವ ಹುಡುಗನನ್ನು ‘ಊದಿದ್ರ ಹಾರ್ತಾನ’ ಎಂದು ಉಳಿದವರು ಆಡಿಕೊಳ್ಳುತ್ತಿದ್ದರೋ ಅವನನ್ನು ಮೊದಲು ಚಿಪ್ಪಿನ ಮುಂದೆ ನಿಲ್ಲಿಸುತ್ತಿದ್ದೆ. ಅದು ಖಾಲಿಯೆಂದು ಅವನಿಗೂ ಗೊತ್ತು, ನೋಡುವವರಿಗೂ ಗೊತ್ತು. ಆದರೂ ದೊಡ್ಡಗುಂಡಿನ ಆಕಾರವನ್ನು ತಬ್ಬಿ ಎದ್ದು ನಿಂತಾಗ ಹುಡುಗನ ಮುಖ ಬೇರೆಯಾಗುತ್ತಿತ್ತು. ಮರುದಿನ ಚಿಪ್ಪನ್ನು ಅಂಗಾತ ತಿರುಗಿಸಿ ಒಂದು ಮುಷ್ಟಿ ಉಸುಕು ಹಾಕುತ್ತಿದ್ದೆ. ಅದರ ಮರುದಿನ ಇನ್ನೊಂದು ಮುಷ್ಟಿ. ದೇವರ ಚಿಪ್ಪಿಗೆ ಬೀದಿಯ ಉಸುಕು ಕೂಡದೆಂದು ಮಲ್ಲಯ್ಯ ಹಟ ಹಿಡಿದದ್ದರಿಂದ ಕೆಂಚನಗುಡ್ಡದ ಹೊಳೆಯಿಂದ ಚೀಲದಲ್ಲಿ ತರಿಸಬೇಕಾಯಿತು. ಹೀಗೆ ಆ ಗುಂಡಿಗೆ ಕೊನೆಗೂ ಕೆಂಚನಗುಡ್ಡದ ಸಂಬಂಧ ಬಂತು. ವರ್ಷ ಮುಗಿಯುವಷ್ಟರಲ್ಲಿ ಹುಡುಗ ತನಗೇ ತಿಳಿಯದೆ ಮೂಟೆಯಷ್ಟು ಎತ್ತುತ್ತಿದ್ದ. ಒಂದು ಮುಷ್ಟಿ ಉಸುಕಿಗೆ ಹೆದರುವ ಹುಡುಗನನ್ನು ನಾನು ಕಂಡಿಲ್ಲ.

ಬಳ್ಳಾರಿ ಮೈಸೂರಿಗೆ ಸೇರಿದ ವರ್ಷ ಇನ್ಸ್‌ಪೆಕ್ಟರು ಬದಲಾದರು. ಹೊಸಬರು ಚಿಪ್ಪನ್ನು ನೋಡಿ, “ಇದು ಯಾವ ಸಿಲಬಸ್ಸು?” ಎಂದು ಕೇಳಿದರು. ಅವರಿಗೆ ಮೊದಲು ಮುಖ ತೊಳೆಯಲು ನೀರು ಕೊಟ್ಟೆ. ಆಮೇಲೆ ಹೇಳಿದೆ.

ನಿವೃತ್ತನಾದ ದಿನ ಹಾರ ಹಾಕಿ ಬಸ್ಸು ಹತ್ತಿಸಿದರು. ಗೌರಮ್ಮ ಮೊದಲೇ ಸಾಮಾನಿನ ಜೊತೆ ಬಳ್ಳಾರಿಗೆ ಹೋಗಿದ್ದಳು. ರಸ್ತೆಗೆಲ್ಲ ಈಗ ಕಿಲೋಮೀಟರು ಕಲ್ಲು ನೆಟ್ಟಿದ್ದಾರೆ, ಮೈಲಿಗಲ್ಲುಗಳನ್ನು ಕಿತ್ತುಹಾಕಿದ್ದಾರೆ. ಹದಿನಾಲ್ಕನೆಯದೊಂದು ಮಾತ್ರ ಇತ್ತು. ಬಸ್ಸು ನಿಂತಾಗ ಇಳಿದು ನೋಡಿದೆ. ಕೀಳಲು ಬಂದವರು ಯಾಕೆ ಬಿಟ್ಟು ಹೋದರೆಂದು ತಿಳಿಯಿತು: ಯಾರೋ ಶನಿವಾರ ಶನಿವಾರ ಸಿಂಧೂರ ಬಳಿಯುತ್ತಿದ್ದಾರೆ. ಉಗುರಿನಿಂದ ಕೆರೆದು ಅಳೆದೆ. ಒಂದೂವರೆ ಬೆರಳು ದಪ್ಪ.

ಪಕ್ಕದಲ್ಲಿ ಹುಲಿಗೆಮ್ಮನ ಸೊಸೆ ಶೇಂಗಾ ಹುರಿಯುತ್ತಿದ್ದಳು. ಹಾರ ಕಂಡು ಗುರುತು ಹಿಡಿದಳು. ಎದ್ದು, ಸೆರಗಿನಿಂದ ಸ್ಟೂಲು ಒರೆಸಿ, “ಕುಂದರ್ರಿ ಮಾಸ್ತರ,” ಎಂದಳು. ಅದರ ಒಂದು ಕಾಲು ಒಂದಿಷ್ಟು ಅಲ್ಲಾಡುತ್ತಿತ್ತು; ಉಳಿದಂತೆ ಗಟ್ಟಿಯಾಗಿತ್ತು. ಆಚೀಚೆ ನೋಡಿ ಕೂತೆ. ಅವಳು ಕೈತುಂಬ ಬಿಸಿ ಶೇಂಗಾ ಹಾಕಿದಳು. ಮಾವನವರು ಸುಳ್ಳು ಹೇಳಿರಲಿಲ್ಲ, ಬಹಳ ಸುಖವಾದ ಸ್ಟೂಲು. ಕಂಡಕ್ಟರು ಎರಡು ಸಲ ಸೀಟಿ ಊದಿದ. ಶೇಂಗಾ ಮುಗಿಯುವವರೆಗೆ ನಾನು ಏಳಲಿಲ್ಲ.